ಕಿಲ್ ಸ್ವಿಚ್ ವೈರ್ ತುಂಡಾದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲವೇ?

ಪ್ರಶ್ನೆ: ನಮ್ಮ ನಾಡದೋಣಿಯ ಹಿಂಬದಿಗೆ ಸಿಕ್ಕಿಸಿದ ಔಟ್‌ಬೋರ್ಡ್ ಎಂಜಿನ್ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುತ್ತಿಲ್ಲ, ಪ್ಲಗ್‌ನಲ್ಲಿ ಕಿಡಿಯೇ ಇಲ್ಲ. ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ವೈರ್ ತುಂಡಾಗಿ ಕರೆಂಟ್ ಹೋಗುತ್ತಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹೊಸ ವೈರ್ ಹಾಕಿಸಿದರೆ ಸರಿಹೋದೀತೇ?

ಇಲ್ಲ. ಎಲ್ಲರೂ ಹೇಳುತ್ತಾರೆ ಎನ್ನುವುದೇ ಇಲ್ಲಿರುವ ತೊಂದರೆ. ಕರ್ನಾಟಕ ಕರಾವಳಿಯ ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ದಡ ಸೇರಿ, 10 ಅಶ್ವಶಕ್ತಿಯೊಳಗಿನ ದೋಣಿಗಳಷ್ಟೇ ನೀರಿಗಿಳಿಯುವ ಆ 61 ದಿನಗಳಲ್ಲಿ ಈ ಪ್ರಶ್ನೆ ನನಗೆ ಎಷ್ಟು ಸಲ ಬರುತ್ತದೋ ಲೆಕ್ಕವಿಲ್ಲ.

ಮನೆಯ ಸ್ವಿಚ್ಚನ್ನು ಮೊದಲು ತಲೆಯಿಂದ ತೆಗೆಯಿರಿ. ಅಲ್ಲಿ ವೈರ್ ಕೂಡಿದರೆ ಬಲ್ಬ್ ಉರಿಯುತ್ತದೆ, ತುಂಡಾದರೆ ಆರುತ್ತದೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಎಂಜಿನ್‌ನಲ್ಲಿ ಲೆಕ್ಕ ತಿರುಗಾಮುರುಗಾ. ಫ್ಲೈವೀಲ್‌ನ ಅಯಸ್ಕಾಂತ ಚಾರ್ಜ್ ಕಾಯಿಲ್ ಮುಂದೆ ತಿರುಗಿದಾಗ ಕರೆಂಟ್ ಹುಟ್ಟಿ, ಸಿಡಿಐ ಎಂಬ ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಡಬ್ಬಿಯಲ್ಲಿ ತುಂಬಿ, ಇಗ್ನಿಷನ್ ಕಾಯಿಲ್ ಮೂಲಕ ಪ್ಲಗ್‌ಗೆ ಹೋಗುತ್ತದೆ. ಈ ದಾರಿಯಲ್ಲಿ ಕಿಲ್ ಸ್ವಿಚ್ ಇಲ್ಲವೇ ಇಲ್ಲ. ಅದು ಪಕ್ಕದಲ್ಲಿರುವ ಒಂದು ತೂಬು. ಬಟನ್ ಒತ್ತಿದರೆ ಅಥವಾ ಓಡಿಸುವವನ ಮೈಗೆ ಕಟ್ಟುವ ಕೆಂಪು ಸುರಕ್ಷಾ ಹಗ್ಗದ ಕ್ಲಿಪ್ ಕಿತ್ತರೆ ತೂಬು ತೆರೆದು ಕರೆಂಟ್ ಅರ್ತ್‌ಗೆ ಹರಿದುಹೋಗುತ್ತದೆ, ಎಂಜಿನ್ ಸಾಯುತ್ತದೆ. ವೈರ್ ತುಂಡಾದರೆ? ತೂಬು ತೆರೆಯುವುದೇ ಇಲ್ಲ. ಎಂಜಿನ್ ಜುಮ್ಮೆಂದು ಸ್ಟಾರ್ಟ್ ಆಗುತ್ತದೆ, ಆದರೆ ನಿಲ್ಲಿಸಲು ಬರುವುದಿಲ್ಲ! ಹಳೆಯ ಟೂ-ಸ್ಟ್ರೋಕ್ ಸ್ಕೂಟರ್‌ನ ಕೀ ಕಳೆದಾಗ ಮೆಕ್ಯಾನಿಕ್ ಒಂದು ವೈರ್ ಕಿತ್ತು ಕಿಕ್ ಹೊಡೆಯುತ್ತಿದ್ದುದು ನೆನಪಿದೆಯಲ್ಲ, ಅದೇ ವಿದ್ಯೆ ಇದು.

ಹಾಗಾದರೆ ಕಿಲ್ ಸ್ವಿಚ್‌ನಿಂದ ಕಿಡಿ ಹೋಗುವುದೇ ಇಲ್ಲವೇ? ಹೋಗುತ್ತದೆ, ತೂಬು ತಾನಾಗಿ ಸೋರಿದಾಗ. ಒಮ್ಮೆ ನನ್ನ ಕೈಗೆ ಬಂದ ಸ್ವಿಚ್ ಮಧ್ಯಾಹ್ನ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಬೆಳಿಗ್ಗೆ ಮಾತ್ರ ಹಟ. ಬಿಚ್ಚಿ ನೋಡಿದರೆ ಎರಡು ಕಾಲುಗಳ ನಡುವೆ ಉಪ್ಪಿನ ಬಿಳಿ ಹೆಪ್ಪು, ತಾಮ್ರದ ಮೇಲೆ ಹಸಿರು ಕಿಲುಬು. ರಾತ್ರಿಯ ತೇವ ಹೀರಿದ ಉಪ್ಪು ಕರೆಂಟನ್ನು ಅರ್ತ್‌ಗೆ ದಾಟಿಸುತ್ತಿತ್ತು, ಬಿಸಿಲಿಗೆ ಒಣಗಿದರೆ ಬಿಡುತ್ತಿತ್ತು.

ಪರೀಕ್ಷೆ ಸುಲಭ. ಸಿಡಿಐಯಿಂದ ಸ್ವಿಚ್‌ಗೆ ಹೋಗುವ ವೈರಿನ ಕನೆಕ್ಟರ್ ಬಿಡಿಸಿ. ಯಮಹಾದಲ್ಲಿ ಅದು ಬಿಳಿ, ಅರ್ತ್ ಕಪ್ಪು. ಪ್ಲಗ್ ಬಿಚ್ಚಿ, ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್‌ಗೆ ಒತ್ತಿ ಹಗ್ಗ ಎಳೆಯಿರಿ. ಪ್ಲಗ್ ಗಾಳಿಯಲ್ಲಿ ನೇತಾಡಿದರೆ ಸಿಡಿಐಗೇ ಏಟು. ಪೆಟ್ರೋಲ್ ಕ್ಯಾನ್ ದೂರವಿರಲಿ. ಈಗ ಕಿಡಿ ಬಂತೆಂದರೆ ಕಳ್ಳ ಸ್ವಿಚ್ಚಿನ ಕಡೆಯೇ. ಬರಲಿಲ್ಲವೆಂದರೆ ಮೊದಲು ಪ್ಲಗ್, ಆಮೇಲೆ ಕ್ಯಾಪ್, ಆಮೇಲೆ ಕಾಯಿಲ್‌ಗಳು. ದುಬಾರಿ ಸಿಡಿಐ ಕಟ್ಟಕಡೆಗೆ. ಮಲ್ಟಿಮೀಟರ್ ಇದ್ದವರು ಬೀಪ್ ನಂಬಬೇಡಿ. ಉಪ್ಪಿನ ಸೋರಿಕೆಗೆ ಬೀಪ್ ಬರುವುದಿಲ್ಲ, ಸ್ವಿಚ್ಚಿನ ಎರಡು ವೈರುಗಳ ನಡುವೆ ಓಮ್ಸ್‌ನಲ್ಲಿ ನೋಡಿ. ಕ್ಲಿಪ್ ಹಾಕಿದಾಗ ದಾರಿಯೇ ಇಲ್ಲವೆಂದು (OL) ತೋರಿಸಬೇಕು, ಕಿತ್ತಾಗ ಸೊನ್ನೆಯ ಹತ್ತಿರ ಬರಬೇಕು. ಆ ಬಿಳಿ ವೈರಿಗೆ ಬ್ಯಾಟರಿ ಮುಟ್ಟಿಸಿ ‘ಟೆಸ್ಟ್’ ಮಾಡುವ ಪಂಡಿತರಿಗೆ ಹೊಸ ಸಿಡಿಐ ಖರ್ಚು ಗ್ಯಾರಂಟಿ.

ವೈರ್ ಬಿಡಿಸಿಟ್ಟೇ ಕಡಲಿಗೆ ಹೋಗಬೇಡಿ. ನೀವು ನೀರಿಗೆ ಬಿದ್ದರೆ ಹಿಡಿ ಹೊರಳಿ ದೋಣಿ ನಿಮ್ಮ ಸುತ್ತಲೇ ಗಿರಕಿ ಹೊಡೆಯುತ್ತದೆ, ತಿರುಗುವ ಫ್ಯಾನ್ (ಪ್ರೊಪೆಲ್ಲರ್) ಸಮೇತ. ಕೆಂಪು ಹಗ್ಗದ ತುದಿ ಇರಬೇಕಾದ್ದು ನಿಮ್ಮ ಮೈಮೇಲೆ, ಎಂಜಿನ್ ಹಿಡಿಯ ಮೇಲಲ್ಲ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ ಬೆಳಿಗ್ಗೆ ಹಟ ಮಾಡಿ, ಪ್ಲಗ್ ಒದ್ದೆಯಾಗಿ ಎಣ್ಣೆ ಎಣ್ಣೆಯಾಗಿದ್ದರೆ ವೈರಿಂಗ್ ಮುಟ್ಟಲೇಬೇಡಿ. ಹಿಂದಿನ ದಿನ ಸೀಮೆಎಣ್ಣೆಯಲ್ಲೇ ನಿಲ್ಲಿಸಿದ್ದೀರಿ. ಕಾರ್ಬ್ಯುರೇಟರ್‌ನಲ್ಲಿ ಉಳಿದ ಸೀಮೆಎಣ್ಣೆ ತಣ್ಣಗಿನ ಎಂಜಿನ್‌ನಲ್ಲಿ ಆವಿಯಾಗುವುದಿಲ್ಲ. ದಡ ಮುಟ್ಟುವ ಕೆಲವು ನಿಮಿಷ ಮುಂಚೆ ಪೆಟ್ರೋಲ್‌ಗೆ ತಿರುಗಿಸಿ, ಅದರಲ್ಲೇ ಓಡಿಸಿ, ಸ್ಟಾಪ್ ಬಟನ್ ಒತ್ತಿ. ಥಟ್ಟನೆ ನಿಂತಿತೋ, ನಿಮ್ಮ ವೈರ್ ತುಂಡಾಗಿಲ್ಲ ಅಂತಲೂ ಗೊತ್ತಾಯಿತು.