ಉತ್ಪಾದಕತೆಯ ವಿರೋಧಾಭಾಸ

ಉತ್ಪಾದನೆ ಬೇರೆ, ಉತ್ಪಾದಕತೆ ಬೇರೆ. ಹತ್ತು ಜನ ನೂರು ಕುರ್ಚಿ ಮಾಡುತ್ತಿದ್ದ ಕಡೆ ಇಪ್ಪತ್ತು ಜನ ಸೇರಿ ಇನ್ನೂರು ಮಾಡಿದರೆ ಉತ್ಪಾದನೆ ಇಮ್ಮಡಿಸಿತು, ಉತ್ಪಾದಕತೆ ಇದ್ದಲ್ಲೇ ಇತ್ತು. ಅದೇ ಹತ್ತು ಜನ ಅಷ್ಟೇ ಹೊತ್ತಿನಲ್ಲಿ ನೂರಿಪ್ಪತ್ತು ಮಾಡಿದರೆ ಆಗ ಏರಿದ್ದು ಉತ್ಪಾದಕತೆ. ದೇಶದ ಮಟ್ಟದಲ್ಲಿ ಇದನ್ನು ಸಾಮಾನ್ಯವಾಗಿ ಒಂದು ಗಂಟೆಯ ದುಡಿಮೆಗೆ ಎಷ್ಟು ಮೌಲ್ಯ ಹುಟ್ಟಿತು ಎಂದು ಲೆಕ್ಕ ಹಾಕುತ್ತಾರೆ.

ಕಂಪ್ಯೂಟರ್ ಬಂದ ಮೇಲೆ ಈ ಅಂಕಿ ಜಿಗಿಯಬೇಕಿತ್ತು. ಜಿಗಿಯಲಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೊ 1987ರಲ್ಲಿ, ತಮಗೆ ನೊಬೆಲ್ ಬಂದ ವರ್ಷವೇ, ಇದನ್ನು ಕುಟುಕಿದರು: ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಾಣುತ್ತಿದೆ, ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಕಾಣುತ್ತಿಲ್ಲ. ಈ ಒಗಟಿಗೇ ಉತ್ಪಾದಕತೆಯ ವಿರೋಧಾಭಾಸ ಅಥವಾ ಸೋಲೊ ವಿರೋಧಾಭಾಸ ಎಂಬ ಹೆಸರು ಬಿತ್ತು.

ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಕೊಟ್ಟದ್ದು. ಅವರು ನೋಡಿದ್ದು ವಿದ್ಯುತ್ತಿನ ಕಡೆಗೆ. ಉಗಿಯಂತ್ರದ ಕಾಲದ ಕಾರ್ಖಾನೆಯಲ್ಲಿ ಚಾವಣಿಯ ಕೆಳಗೆ ಉದ್ದಕ್ಕೂ ಒಂದು ಕಬ್ಬಿಣದ ದಂಡ ತಿರುಗುತ್ತಿತ್ತು. ಅದರಿಂದ ಇಳಿಬಿದ್ದ ಚರ್ಮದ ಬೆಲ್ಟುಗಳು ಒಂದೊಂದು ಯಂತ್ರವನ್ನು ಓಡಿಸುತ್ತಿದ್ದವು. ಯಂತ್ರ ಎಲ್ಲಿರಬೇಕೆಂದು ತೀರ್ಮಾನಿಸುತ್ತಿದ್ದದ್ದು ಕೆಲಸದ ಕ್ರಮವಲ್ಲ, ಆ ದಂಡ. ವಿದ್ಯುತ್ ಬಂದಾಗ ಮಾಲೀಕರು ಉಗಿಯಂತ್ರವನ್ನು ಕಿತ್ತು ಅದೇ ಜಾಗದಲ್ಲಿ ದೊಡ್ಡದೊಂದು ಮೋಟಾರ್ ಕೂರಿಸಿದರು. ದಂಡ, ಬೆಲ್ಟು ಹಾಗೇ ಉಳಿದವು, ಲಾಭವೂ ಅಷ್ಟಕ್ಕಷ್ಟೇ. ಪ್ರತಿ ಯಂತ್ರಕ್ಕೂ ತನ್ನದೇ ಮೋಟಾರ್ ಕೊಟ್ಟು, ಒಂದೇ ಅಂತಸ್ತಿನ ಕಟ್ಟಡದಲ್ಲಿ ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಯಂತ್ರಗಳನ್ನು ಜೋಡಿಸಿದ ಮೇಲೆ ಫಲ ಕಂಡಿತು. ಎಡಿಸನ್ ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರ ತೆರೆದದ್ದು 1882ರಲ್ಲಿ. ಕಾರ್ಖಾನೆಗಳ ಉತ್ಪಾದಕತೆ ನೆಗೆದದ್ದು 1920ರ ದಶಕದಲ್ಲಿ.

ಕಚೇರಿಗಳಲ್ಲಿಯೂ ಆದದ್ದು ಇದೇ. ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದ ಪತ್ರವನ್ನು ಮುದ್ರಿಸಿ, ಮೂರು ಮೇಜುಗಳಲ್ಲಿ ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ ಕಳಿಸಿದರೆ, ಆ ಕಡೆಯವರು ಅದನ್ನು ನೋಡಿಕೊಂಡು ಮತ್ತೆ ಬೆರಳಚ್ಚು ಮಾಡುತ್ತಾರೆ. ಮೋಟಾರ್ ಹೊಸದು, ದಂಡ ಹಳೆಯದು.

ಒಗಟು ಅಲ್ಲಿಗೇ ನಿಲ್ಲಲಿಲ್ಲ. ಅಮೆರಿಕದಲ್ಲಿ 1973ರಿಂದ 1995ರವರೆಗೆ ವರ್ಷಕ್ಕೆ ಸುಮಾರು ಶೇ 1.5ರಂತೆ ಕುಂಟುತ್ತಿದ್ದ ದುಡಿಮೆಯ ಉತ್ಪಾದಕತೆಯ ಬೆಳವಣಿಗೆ, ಮುಂದಿನ ಹತ್ತು ವರ್ಷ ಶೇ 3ರ ಆಸುಪಾಸಿಗೆ ಏರಿತು. ಕಂಪ್ಯೂಟರ್ ಮತ್ತು ಚಿಪ್ ತಯಾರಿಕೆಯಷ್ಟೇ ಅಲ್ಲ, ದಾಸ್ತಾನು, ಸಾಗಣೆಗಳನ್ನು ಹೊಸ ರೀತಿಯಲ್ಲಿ ಕಟ್ಟಿಕೊಂಡ ಸಗಟು ಮತ್ತು ಚಿಲ್ಲರೆ ವ್ಯಾಪಾರವೂ ಇದಕ್ಕೆ ಕೈ ಜೋಡಿಸಿತ್ತು. 2005ರ ಸುಮಾರಿಗೆ ವೇಗ ಮತ್ತೆ ತಗ್ಗಿತು, ಅದೂ ಸ್ಮಾರ್ಟ್‌ಫೋನ್ ಎಲ್ಲರ ಜೇಬಿಗೆ ಬರಲಿದ್ದ ಹೊತ್ತಿನಲ್ಲಿ!

ತಪ್ಪು ಅಳತೆಗೋಲಿನದು ಎನ್ನುವವರೂ ಇದ್ದಾರೆ. ಮುದ್ರಿತ ವಿಶ್ವಕೋಶ ಮಾರಾಟವಾದರೆ ಅದು ಜಿಡಿಪಿಗೆ ಸೇರುತ್ತದೆ. ವಿಕಿಪೀಡಿಯವನ್ನು ಪುಕ್ಕಟೆಯಾಗಿ ಓದಿದರೆ ಲೆಕ್ಕಕ್ಕೆ ಏನೂ ಬರುವುದಿಲ್ಲ. ಮಾತು ನಿಜ. ಆದರೆ ಅರ್ಥಶಾಸ್ತ್ರಜ್ಞ ಚಾಡ್ ಸಿವರ್ಸನ್ 2017ರಲ್ಲಿ ಇದರ ಮಿತಿಯನ್ನು ತೋರಿಸಿದರು. ಅಳತೆಯೇ ಕಾರಣವಾಗಿದ್ದರೆ ಮಾಹಿತಿ ತಂತ್ರಜ್ಞಾನ ಹೆಚ್ಚು ಬಳಸುವ ದೇಶಗಳಲ್ಲಿ ವೇಗ ಹೆಚ್ಚು ತಗ್ಗಬೇಕಿತ್ತು. ಆದರೆ ವೇಗ ತಗ್ಗಿದ್ದು ಹತ್ತಾರು ದೇಶಗಳಲ್ಲಿ, ಮತ್ತು ಎಷ್ಟು ತಗ್ಗಿತು ಎಂಬುದಕ್ಕೂ ಆ ದೇಶ ಮಾಹಿತಿ ತಂತ್ರಜ್ಞಾನವನ್ನು ಎಷ್ಟು ಬಳಸುತ್ತದೆ ಎಂಬುದಕ್ಕೂ ನಂಟು ಕಾಣಲಿಲ್ಲ.