ತಡವಾದ ಪತ್ತೆ: ಸಾಂಕ್ರಾಮಿಕ ಬಂದಾಗ ತಪ್ಪಿಹೋಗುವ ಎಚ್‌ಐವಿ ಪರೀಕ್ಷೆ

ಎಚ್‌ಐವಿ ವರದಿಗಳಲ್ಲಿ ‘ತಡವಾದ ಪತ್ತೆ’ ಅನ್ನೋ ಮಾತು ಪದೇ ಪದೇ ಬರುತ್ತದೆ. ತಡ ಅಂದರೆ ಎಷ್ಟು ತಡ? ಸೋಂಕು ಯಾವತ್ತು ತಗುಲಿತು ಅನ್ನೋದು ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಹಾಗಾಗಿ ದಿನ, ತಿಂಗಳು ಎಣಿಸುವ ಬದಲು ವೈದ್ಯರು ರಕ್ತದಲ್ಲಿ ಸಿಡಿ4 ಕಣಗಳನ್ನು, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳನ್ನು ಎಣಿಸುತ್ತಾರೆ. ಈ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಕೊಲ್ಲುತ್ತಾ ಹೋಗುವುದು ಇವನ್ನೇ. ಸೋಂಕು ಮೊದಲ ಸಲ ಗೊತ್ತಾದಾಗಲೇ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಿಡಿ4 ಲೆಕ್ಕ 350ಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಏಡ್ಸ್ ಹಂತದ ಕಾಯಿಲೆ ಕಾಣಿಸಿಕೊಂಡಿದ್ದರೆ ಅದು ತಡವಾದ ಪತ್ತೆ. (ಸೋಂಕು ತಗುಲಿದ ಹೊಸದರಲ್ಲೂ ಸಿಡಿ4 ಸ್ವಲ್ಪ ಕಾಲ ಇಳಿಯುತ್ತದೆ. ಅಂಥವರನ್ನು ಇದಕ್ಕೆ ಸೇರಿಸುವುದಿಲ್ಲ.)

ಕೊರೊನಾ ಈ ಪದಕ್ಕೆ ಹೊಸ ತೂಕ ತಂದಿತು. ಏಡ್ಸ್, ಕ್ಷಯ, ಮಲೇರಿಯಾ ತಡೆಗೆ ಹಣ ಒದಗಿಸುವ ಅಂತರರಾಷ್ಟ್ರೀಯ ಸಂಸ್ಥೆ ಗ್ಲೋಬಲ್ ಫಂಡ್ ನೆರವು ನೀಡುವ ದೇಶಗಳಲ್ಲಿ 2019ಕ್ಕೆ ಹೋಲಿಸಿದರೆ 2020ರಲ್ಲಿ ಎಚ್‌ಐವಿ ಪರೀಕ್ಷೆ ಶೇ 22ರಷ್ಟು ಇಳಿಯಿತು. ಆಸ್ಪತ್ರೆಗಳು ಕೊರೊನಾದಲ್ಲಿ ಮುಳುಗಿದ್ದು ಒಂದು ಕಾರಣ. ಲ್ಯಾಬಿನ ಸಿಬ್ಬಂದಿ, ಯಂತ್ರಗಳೂ ಆ ಕಡೆಗೇ ಹೋದವು.

ಆದರೆ ಲೈಂಗಿಕ ಕಾರ್ಯಕರ್ತೆಯರು, ಟ್ರಾನ್ಸ್‌ಜೆಂಡರ್ ಸಮುದಾಯ, ಪುರುಷರೊಂದಿಗೆ ಸಂಬಂಧವಿರುವ ಪುರುಷರು, ಸೂಜಿಯಿಂದ ಡ್ರಗ್ಸ್ ತೆಗೆದುಕೊಳ್ಳುವವರು, ಇವರ ಕಥೆ ಬೇರೆ. ಆಸ್ಪತ್ರೆಯ ಕೌಂಟರಿನಲ್ಲಿ ಹೆಸರು ಬರೆಸಿ ನಿಲ್ಲಲು ಇವರಲ್ಲಿ ಅನೇಕರು ಮೊದಲಿಂದಲೂ ಹಿಂಜರಿಯುತ್ತಾರೆ. ಯಾರು ನೋಡ್ತಾರೋ, ಏನು ಕೇಳ್ತಾರೋ ಅನ್ನೋ ಭಯ. ಇವರನ್ನು ಪರೀಕ್ಷೆಗೆ ಕರೆತರುವವರು ಪೀರ್ ಎಜುಕೇಟರ್‌ಗಳು, ಅಂದರೆ ಅದೇ ಸಮುದಾಯದಿಂದ ಬಂದು ತಮ್ಮವರಿಗೆ ತಿಳಿವಳಿಕೆ ಕೊಡುವವರು. ಜನ ಸೇರುವ ಜಾಗ, ರಾತ್ರಿಯ ಹೊತ್ತು, ಮೊಬೈಲ್ ವ್ಯಾನು, ಎಲ್ಲಕ್ಕಿಂತ ಜಾಸ್ತಿ ಪರಿಚಯದ ಮುಖ. ಲಾಕ್‌ಡೌನ್ ಮತ್ತು ಕರ್ಫ್ಯೂ ಮುರಿದದ್ದು ಈ ಕೊಂಡಿಯನ್ನು. ಕ್ಲಿನಿಕ್ ಬಾಗಿಲು ತೆರೆದಿದ್ದ ಕಡೆಯೂ ಅಲ್ಲಿಗೆ ಕರೆದೊಯ್ಯುವವರು ಹೊರಗೆ ಬರುವಂತಿರಲಿಲ್ಲ.

ಇಲ್ಲೇ ಒಂದು ಮೋಸವಿದೆ. ಪರೀಕ್ಷೆ ಇಳಿದರೆ ಹೊಸ ಕೇಸುಗಳ ಪಟ್ಟಿಯೂ ಚಿಕ್ಕದಾಗುತ್ತದೆ. ನೋಡಿದವರಿಗೆ ರೋಗವೇ ಕಡಿಮೆಯಾಯಿತು ಅನ್ನಿಸುತ್ತದೆ. ಓಡಾಟ ನಿಂತಾಗ ಕೆಲವರಿಗೆ ಅಪಾಯ ನಿಜಕ್ಕೂ ಇಳಿದಿರಬಹುದು, ಇಲ್ಲವೆನ್ನಲಾಗದು. ಆದರೆ ಹುಡುಕದೇ ಹೋದದ್ದು ಸಿಗುವುದಾದರೂ ಹೇಗೆ, ಅಲ್ವಾ? ಅದಕ್ಕೇ ನನಗೆ ಆ ವರ್ಷದ ಕೇಸುಗಳ ಸಂಖ್ಯೆಗಿಂತ ಮುಂದಿನ ವರ್ಷಗಳ ತಡವಾದ ಪತ್ತೆಯ ಪಾಲು ಮುಖ್ಯ. ತಪ್ಪಿಹೋದವರು ಯಾರೆಂದು ಅಲ್ಲಿ ಕಾಣುತ್ತದೆ. ಅಷ್ಟರಲ್ಲಿ ಅವರ ಚಿಕಿತ್ಸೆ ತಡವಾಗಿರುತ್ತದೆ. ಗೊತ್ತಿಲ್ಲದೇ ಸೋಂಕು ಇನ್ನೊಬ್ಬರಿಗೆ ದಾಟಿರಲೂಬಹುದು.

ಮನೆಯಲ್ಲೇ ಮಾಡಿಕೊಳ್ಳುವ ಸ್ವಯಂ ಪರೀಕ್ಷೆ ಈ ಹೊತ್ತಲ್ಲಿ ಕೈಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಇದನ್ನು ಶಿಫಾರಸು ಮಾಡಿತ್ತು. ಬೆರಳ ತುದಿಯ ರಕ್ತ ಅಥವಾ ಒಸಡಿನಿಂದ ಸವರಿ ತೆಗೆದ ದ್ರವ ಸಾಕು, ಸುಮಾರು 20 ನಿಮಿಷದಲ್ಲಿ ಫಲಿತಾಂಶ. ಪಾಸಿಟಿವ್ ಬಂದರೆ ಎಚ್‌ಐವಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಖಚಿತಪಡಿಸಿಕೊಳ್ಳಲೇಬೇಕು. ಕಳೆದ ಮೂರು ತಿಂಗಳೊಳಗೆ ಅಪಾಯಕ್ಕೆ ಒಡ್ಡಿಕೊಂಡಿದ್ದರೆ, ನೆಗೆಟಿವ್ ಬಂದರೂ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು.