ಹುಡುಗರು ಮೊದಲು ಬಂದ್ರು, ಸ್ಕೀಮು ಆಮೇಲೆ ಬಂತು

1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಆರ್ನೋ ನದಿ ದಡ ಮೀರಿ ಊರೊಳಗೆ ನುಗ್ತು. ಬರೀ ನೀರಾಗಿದ್ರೆ ಒಂದು ಕಥೆ, ಚಳಿಗಾಲಕ್ಕೆ ಅಂತ ನೆಲಮಾಳಿಗೆಗಳಲ್ಲಿ ತುಂಬಿಟ್ಟಿದ್ದ ಉರಿಸೋ ಎಣ್ಣೆ, ಚರಂಡಿ ಕೊಳಕು, ಕೆಸರು ಎಲ್ಲ ಕಲಸಿಕೊಂಡು ಬಂತು, ಅಲ್ಲಿನ ನ್ಯಾಷನಲ್ ಲೈಬ್ರರಿಯ 10 ಲಕ್ಷಕ್ಕೂ ಹೆಚ್ಚು ಪುಸ್ತಕ ಪತ್ರಿಕೆಗಳು ಹಾಳಾದ್ವು. ಆಮೇಲೆ ಇಟಲಿಯ ಮೂಲೆಮೂಲೆಯಿಂದ, ಬೇರೆ ದೇಶಗಳಿಂದಲೂ ಸ್ಟೂಡೆಂಟ್ಸ್ ಬರೋಕೆ ಶುರುವಾದ್ರು. ಬಹಳಷ್ಟು ಜನರನ್ನ ಯಾರೂ ಕರೆದೇ ಇರ್ಲಿಲ್ಲ. ಕತ್ತಲೆ ತುಂಬಿದ ಮಾಳಿಗೆಯಿಂದ ಮೇಲಿನವರೆಗೂ ಸಾಲಾಗಿ ನಿಂತು, ಕೆಸರು ಸೋರ್ತಿದ್ದ ಪುಸ್ತಕಗಳನ್ನ ಕೈಯಿಂದ ಕೈಗೆ ದಾಟಿಸ್ತಾ ಹೋದ್ರು, ನಾತ ತಡ್ಕೊಳ್ಳೋಕಾಗದೆ ಗ್ಯಾಸ್ ಮಾಸ್ಕ್ ಹಾಕ್ಕೊಂಡೋರೂ ಇದ್ರು. ಉದ್ದ ಕೂದಲು ಬಿಟ್ಟ ಹುಡುಗರು ಅಂದ್ರೆ ದೊಡ್ಡೋರು ಮೂಗು ಮುರೀತಿದ್ದ ಕಾಲ ಅದು. ಅದೇ ಹುಡುಗರಿಗೆ ಕೊನೆಗೆ ಬಂದ ಹೆಸರು 'ಕೆಸರಿನ ದೇವದೂತರು'.

ಯುವಜನರು ಮತ್ತು ವಿಪತ್ತು ಅಂದ ತಕ್ಷಣ ಈಗ ನಮ್ಗೆ ನೆನಪಾಗೋದು ಟ್ರೈನಿಂಗು, ಸರ್ಟಿಫಿಕೇಟು, ಬಣ್ಣದ ಜಾಕೆಟ್ಟು, ಗ್ರೂಪ್ ಫೋಟೋ. ಆದ್ರೆ ಇದ್ರ ಇತಿಹಾಸ ಕೆದಕ್ತಾ ಹೋದ್ರೆ ಮತ್ತೆ ಮತ್ತೆ ಸಿಗೋದು ಒಂದೇ ಕಥೆ, ಹುಡುಗರು ಮೊದಲು ಬಂದು ಕೆಲಸ ಮಾಡ್ಬಿಟ್ಟಿರ್ತಾರೆ, ಯೋಜನೆ ಅವ್ರ ಹಿಂದೆ ಏದುಸಿರು ಬಿಟ್ಕೊಂಡು ಬರುತ್ತೆ.

ಸ್ಕೌಟ್ ಚಳವಳಿಯನ್ನೇ ತಗೊಳ್ಳಿ. 1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಚಿಲ್ಲರೆ ಹುಡುಗರನ್ನ ಕಟ್ಕೊಂಡು ಕ್ಯಾಂಪ್ ಮಾಡಿದ್ರು, 'ಸಿದ್ಧವಾಗಿರು' ಅನ್ನೋ ಧ್ಯೇಯವಾಕ್ಯ ಬಂತು, ಎರಡು ಕೋಲಿಗೆ ಅಂಗಿ ತೂರಿಸಿ ಸ್ಟ್ರೆಚರ್ ಮಾಡೋದು, ಗಾಯಕ್ಕೆ ಪಟ್ಟಿ ಕಟ್ಟೋದು, ಗಂಟು ಹಾಕೋದು, ಇದೆಲ್ಲ ಲಕ್ಷಾಂತರ ಮಕ್ಕಳ ಕೈಗೆ ಬಂತು. ಹುಡುಗಿಯರಿಗೆ ಅಂತ ಏನೂ ಇರ್ಲಿಲ್ಲ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್‌ಗಳ ದೊಡ್ಡ ಮೇಳ ನಡೀವಾಗ ಕೆಲವು ಹುಡುಗಿಯರು ತಾವೂ ಸ್ಕೌಟ್ಸೇ ಅಂತ ಬಂದು ನಿಂತ್ಬಿಟ್ರು! ಮಾರನೇ ವರ್ಷ ಗರ್ಲ್ ಗೈಡ್ಸ್ ಹುಟ್ಟಿತು.

ಆಮೇಲೆ ಮೊದಲ ಮಹಾಯುದ್ಧದ ಕಾಲದಲ್ಲಿ ಜೂನಿಯರ್ ರೆಡ್ ಕ್ರಾಸ್ ಬಂತು, ಅದು ಶಾಲೆಗಳ ಮೂಲಕ ಹರಡ್ತು. 1950ರ ದಶಕಕ್ಕೆ ಬಂದ್ರೆ ಮಾತ್ರ ಗಾಳಿ ಬೇರೆ ದಿಕ್ಕಿಗೆ ತಿರುಗಿತ್ತು. ಅಣುಬಾಂಬಿನ ಭಯ. ಅಮೆರಿಕದ ಶಾಲೆಗಳಲ್ಲಿ ಚಿಪ್ಪಿನೊಳಗೆ ತಲೆ ಎಳ್ಕೊಳ್ಳೋ ಒಂದು ಕಾರ್ಟೂನ್ ಆಮೆಯನ್ನ ತೋರಿಸಿ, ಬೆಳಕು ಕಂಡ ತಕ್ಷಣ ಡೆಸ್ಕ್ ಕೆಳಗೆ ನುಗ್ಗಿ ಅಂತ ಹೇಳ್ಕೊಡ್ತಿದ್ರು. ಗಾಜು ಸಿಡಿಯೋವಾಗ ಅದು ಪೂರ್ತಿ ದಡ್ಡತನ ಏನಲ್ಲ, ಆದ್ರೆ ಅಲ್ಲಿ ಮಗುವಿನ ಕೆಲಸ ಒಂದೇ, ಹೇಳಿದ್ದು ಮಾಡು. ಪ್ರಶ್ನೆ ಕೇಳೋದು, ಸುತ್ತ ಏನಾಗ್ತಿದೆ ಅಂತ ನೋಡಿ ತೀರ್ಮಾನ ತಗೊಳ್ಳೋದು, ಇದು ಯಾವುದೂ ಸಿಲಬಸ್ಸಲ್ಲಿ ಇರ್ಲಿಲ್ಲ. ನಾನು ನೋಡಿರೋ ಒಂದು ಫೈರ್ ಡ್ರಿಲ್ಲೂ ಅದೇ ತಳಿದು, ಎಷ್ಟು ಗಂಟೆಗೆ ಬೆಲ್ ಹೊಡೆಯುತ್ತೆ ಅಂತ ಹಿಂದಿನ ದಿನಾನೇ ನೋಟಿಸ್, ಬೆಲ್ ಹೊಡೆಯೋಷ್ಟ್ರಲ್ಲಿ ಎಲ್ರೂ ಬ್ಯಾಗ್ ಏರಿಸ್ಕೊಂಡು ಮೆಟ್ಟಿಲ ಹತ್ರ ಮಾತಾಡ್ತಾ ನಿಂತಿದ್ರು.

ಹುಮ್ಮಸ್ಸೊಂದೇ ಸಾಲಲ್ಲ ಅನ್ನೋದು ಗೊತ್ತಾಗಿದ್ದು ಮೆಕ್ಸಿಕೋದಲ್ಲಿ. 1985ರ ಸೆಪ್ಟೆಂಬರ್ 19ರ ಬೆಳಗ್ಗೆ ಮೆಕ್ಸಿಕೋ ಸಿಟಿ ನಡುಗಿದಾಗ ಸಾಮಾನ್ಯ ಜನಾನೇ ಅವಶೇಷದೊಳಗೆ ನುಸುಳಿ ಸುಮಾರು 800 ಜನರನ್ನ ಹೊರಗೆಳೆದ್ರು ಅಂತ ಲೆಕ್ಕ, ಆದ್ರೆ ಹಾಗೆ ಕಾಪಾಡೋಕೆ ಹೋದೋರಲ್ಲೇ ಸುಮಾರು 100 ಜನ ಸತ್ತೋದ್ರು. ವಾಲಿರೋ ಚಪ್ಪಡಿಯನ್ನ ಎಲ್ಲಿ ಮುಟ್ಟಬಾರದು, ಆಧಾರ ಕೊಡದೆ ಒಳಗೆ ಹೋದ್ರೆ ಏನಾಗುತ್ತೆ ಅಂತ ಹೇಳ್ಕೊಟ್ಟೋರೇ ಇರ್ಲಿಲ್ವಲ್ಲ. ಅಲ್ಲಿ ಒಟ್ಟಾದ ಸ್ವಯಂಸೇವಕರ ಒಂದು ಗುಂಪು ಇವತ್ತಿಗೂ 'ಟೋಪೋಸ್' (ಅಂದ್ರೆ ನೆಲದಡಿ ಬಿಲ ತೋಡೋ 'ಮೋಲ್' ಅನ್ನೋ ಪ್ರಾಣಿಗಳು) ಅನ್ನೋ ಹೆಸರಲ್ಲೇ ದೇಶದೇಶ ಸುತ್ತಿ ರಕ್ಷಣೆ ಕೆಲಸ ಮಾಡುತ್ತೆ. ಇತ್ತ ಲಾಸ್ ಏಂಜಲೀಸ್ ಅಗ್ನಿಶಾಮಕ ಇಲಾಖೆ ಸಾಮಾನ್ಯ ಜನರಿಗೆ ಬೆಂಕಿ ಆರಿಸೋದು, ಗಾಯಾಳುಗಳಲ್ಲಿ ಯಾರನ್ನ ಮೊದಲು ನೋಡ್ಬೇಕು, ಜೊತೆಗಾರ ಇಲ್ದೆ ಎಲ್ಲೂ ಒಳಗೆ ಹೋಗ್ಬಾರದು ಇಂಥದ್ದನ್ನೆಲ್ಲ ಕಲಿಸೋ ಕಾರ್ಯಕ್ರಮ ಶುರು ಮಾಡ್ತು. ಮುಂದೆ ಅದ್ರದ್ದೇ ಹದಿಹರೆಯದವರ ಆವೃತ್ತಿ ಹೈಸ್ಕೂಲುಗಳಿಗೂ ಬಂತು.

ಜಪಾನಿನ ಕೋಬೆಯಲ್ಲೂ ಇದೇ ಕಥೆ. 1995ರ ಜನವರಿ 17ರ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ರು, ಸಹಾಯಕ್ಕೆ ಅಂತ 10 ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಬಂದ್ರು, ಅದ್ರಲ್ಲಿ ಕಾಲೇಜು ಹುಡುಗರು ಬಹಳ. ಜಪಾನಿನಲ್ಲಿ ಆ ವರ್ಷವನ್ನ 'ಸ್ವಯಂಸೇವೆಯ ಮೊದಲ ವರ್ಷ' ಅಂತಾನೇ ಕರೀತಾರೆ. ಸ್ವಯಂಸೇವಾ ಸಂಸ್ಥೆಗಳಿಗೆ ಕಾನೂನು ಬಂದಿದ್ದು 1998ಕ್ಕೆ, ಕೋಬೆಯ ಮೈಕೋ ಹೈಸ್ಕೂಲಿನಲ್ಲಿ ವಿಪತ್ತು ತಡೆಗೇ ಅಂತ ಒಂದು ವಿಭಾಗ ಶುರುವಾಗಿದ್ದು 2002ಕ್ಕೆ.

ಇನ್ನು ಜಪಾನಿನದ್ದೇ ಕಮಾಯಿಶಿ. ಈ ಊರಿನ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು. ತೋಶಿತಾಕಾ ಕತಾದಾ ಅನ್ನೋ ಪ್ರೊಫೆಸರ್ ವರ್ಷಗಟ್ಟಲೆ ಅಲ್ಲಿನ ಮಕ್ಕಳಿಗೆ ಮೂರೇ ಮಾತು ಹೇಳಿದ್ರು: ಮ್ಯಾಪಲ್ಲಿ ಸುನಾಮಿ ನೀರು ಇಷ್ಟೇ ಬರುತ್ತೆ ಅಂತ ಬರೆದಿದ್ರೆ ನಂಬ್ಬೇಡಿ, ಆ ಹೊತ್ತಿಗೆ ಕೈಲಾದಷ್ಟೂ ಮಾಡಿ, ಎಲ್ರಿಗಿಂತ ಮೊದಲು ನೀವೇ ಓಡಿ. 2011ರ ಮಾರ್ಚ್ 11ರಂದು ನೆಲ ನಡುಗಿದ ತಕ್ಷಣ ಉನೊಸುಮಾಯಿ ಅನ್ನೋ ಕಡೆ ದೊಡ್ಡ ಶಾಲೆಯ ಹುಡುಗರು ಓಡೋಕೆ ಶುರು ಮಾಡಿದ್ರು, ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಚಿಕ್ಕ ಮಕ್ಕಳನ್ನ ಮೂರನೇ ಮಹಡಿಗೆ ಹತ್ತಿಸಿದ್ರು, ಇವ್ರು ಓಡೋದು ಕಂಡು ಅವ್ರೂ ಇಳಿದು ಹಿಂದೆ ಓಡಿದ್ರು. ಮೊದಲೇ ಗೊತ್ತು ಮಾಡಿದ್ದ ಜಾಗಕ್ಕೆ ತಲುಪಿ ನೋಡಿದ್ರೆ ಹಿಂದಿನ ಗುಡ್ಡದ ಕಡಿಬಂಡೆ ಕುಸೀತಿತ್ತು, ಇಲ್ಲಿ ಬೇಡ ಇನ್ನೂ ಮೇಲೆ ಹೋಗೋಣ ಅಂತ ಹೊರಟ್ರು, ದೊಡ್ಡೋರು ಚಿಕ್ಕೋರ ಕೈ ಹಿಡ್ಕೊಂಡಿದ್ರು, ಬಿಟ್ಟು ಬಂದ ಜಾಗವನ್ನ ಸ್ವಲ್ಪ ಹೊತ್ತಲ್ಲೇ ಸಮುದ್ರ ನುಂಗ್ತು. ಊರಿನ ಸುಮಾರು 3,000 ಶಾಲಾ ಮಕ್ಕಳಲ್ಲಿ ಬಹುತೇಕ ಎಲ್ರೂ ಬದುಕಿದ್ರು.

ಅದೇ ದಿನ, ಅದೇ ಸುನಾಮಿ, ಇಶಿನೊಮಾಕಿಯ ಒಕಾವಾ ಪ್ರಾಥಮಿಕ ಶಾಲೆ. ಹಿಂದೆನೇ ಗುಡ್ಡ ಇತ್ತು. ಮಕ್ಕಳನ್ನ ಮೈದಾನದಲ್ಲಿ ಮುಕ್ಕಾಲು ಗಂಟೆ ನಿಲ್ಲಿಸ್ಕೊಂಡು ದೊಡ್ಡೋರು ಎಲ್ಲಿಗೆ ಹೋಗೋಣ ಅಂತ ಚರ್ಚೆ ಮಾಡ್ತಿದ್ರು. 74 ಮಕ್ಕಳು, 10 ಶಿಕ್ಷಕರು ಸತ್ತೋದ್ರು. ಮುಂಚೆ ಮಾಡಿರ್ಬೇಕಿದ್ದ ಸಿದ್ಧತೆಯನ್ನೇ ಆಡಳಿತ ಮಾಡಿರ್ಲಿಲ್ಲ ಅನ್ನೋ ಹೈಕೋರ್ಟ್ ತೀರ್ಪು 2019ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಉಳೀತು. ಒಕಾವಾದ ಬಗ್ಗೆ ಓದಿದ ಮೇಲೆ 'ಶಿಸ್ತಾಗಿ ಸಾಲಲ್ಲಿ ನಿಲ್ಲಿ' ಅನ್ನೋ ಮಾತು ಕೇಳಿದ್ರೆ ನಂಗೆ ಯಾಕೋ ಕಸಿವಿಸಿ.

ಚೇತರಿಕೆಯ ಕೆಲಸ ಅಂದ್ರೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್. 2010ರ ಸೆಪ್ಟೆಂಬರ್ ಭೂಕಂಪ ಆದ್ಮೇಲೆ ಸ್ಯಾಮ್ ಜಾನ್ಸನ್ ಅನ್ನೋ ವಿದ್ಯಾರ್ಥಿ ಫೇಸ್‌ಬುಕ್ಕಲ್ಲಿ ಒಂದು ಪೇಜ್ ಮಾಡಿ ಬನ್ನಿ ಅಂದ, 2011ರ ಫೆಬ್ರವರಿಯಲ್ಲಿ 185 ಜನರನ್ನ ಬಲಿ ತಗೊಂಡ ಎರಡನೇ ಭೂಕಂಪ ಆದಾಗ ಸಾವಿರಾರು ಸ್ಟೂಡೆಂಟ್ಸ್ ಸಲಿಕೆ, ತಳ್ಳುಬಂಡಿ ಹಿಡ್ಕೊಂಡು ಬೀದಿಗಿಳಿದ್ರು. ಆ ಊರಲ್ಲಿ ನೆಲದಡಿಯ ನೀರು ಮರಳಿನ ಜೊತೆ ಸೇರಿ ಬೂದು ಕೆಸರಾಗಿ ಅಂಗಳಗಳಲ್ಲಿ ಉಕ್ಕಿತ್ತು, ಒಣಗಿದ್ರೆ ಧೂಳು, ಹಾಗೇ ಬಿಟ್ರೆ ಚರಂಡಿ ಬಂದ್. ವಯಸ್ಸಾದೋರಿಗೆ ಅದನ್ನ ಎತ್ತೋಕೆ ಎಲ್ಲಾಗುತ್ತೆ? ರಕ್ಷಣಾ ಪಡೆ ಕುಸಿದ ಕಟ್ಟಡಗಳಲ್ಲಿ ಮುಳುಗಿದ್ದಾಗ ಈ ಹುಡುಗರು ಮನೆ ಮನೆಗೆ ಹೋಗಿ ಕೆಸರು ಬಳಿದ್ರು, ಜೊತೆಗೆ ಆ ಮನೆಯವರು ಹೇಗಿದ್ದಾರೆ ಅಂತ ಕೂತು ಮಾತಾಡಿಸಿದ್ರು.

ವೈಯಕ್ತಿಕ ಸುರಕ್ಷತೆ ಈ ಚಿತ್ರಕ್ಕೆ ಬಂದಿದ್ದು ತಡವಾಗಿ. ತುಂಬಾ ಕಾಲ ಅಪರಿಚಿತರ ಜೊತೆ ಮಾತಾಡ್ಬೇಡ ಅನ್ನೋದಷ್ಟೇ ಪಾಠ ಆಗಿತ್ತು, ಆದ್ರೆ ಮಕ್ಕಳಿಗೆ ಕಿರುಕುಳ ಕೊಡೋರಲ್ಲಿ ಹೆಚ್ಚಿನೋರು ಗೊತ್ತಿರೋರೇ. ಪರಿಹಾರ ಶಿಬಿರದಲ್ಲಂತೂ ಎಲ್ರೂ ಒಂದೇ ಹಾಲಲ್ಲಿ ಮಲಗಿರ್ತಾರೆ, ಬಾಗಿಲಿಗೆ ಚಿಲಕ ಇರಲ್ಲ, ಟಾಯ್ಲೆಟ್ ದೂರ, ಲೈಟಿಲ್ಲ. 1999ರ ಕೊಸೊವೊ ನಿರಾಶ್ರಿತರ ಶಿಬಿರಗಳ ಕಾಲದಲ್ಲಿ ಮಕ್ಕಳಿಗೇ ಅಂತ ಪ್ರತ್ಯೇಕ ಸುರಕ್ಷಿತ ಜಾಗ ಮಾಡೋ ಕ್ರಮ ಶುರುವಾಯ್ತು. ವಿಪತ್ತಿನ ಅಪಾಯ ತಗ್ಗಿಸೋಕೆ ಅಂತ ವಿಶ್ವಸಂಸ್ಥೆಯ ದೇಶಗಳು 2015ರಲ್ಲಿ ಒಪ್ಪಿದ ಸೆಂಡೈ ಚೌಕಟ್ಟಿನಲ್ಲಿ ಮಕ್ಕಳು ಮತ್ತು ಯುವಜನರು ಬದಲಾವಣೆ ತರೋರು ಅಂತ ಬರೆದಾಯ್ತು, ಅಂದ್ರೆ ಫ್ಲಾರೆನ್ಸ್ ಆಗಿ 49 ವರ್ಷಕ್ಕೆ.

ಈಗಿನ ಒಳ್ಳೆ ಪ್ರಾಜೆಕ್ಟುಗಳಲ್ಲಿ ಡ್ರಿಲ್ ಯಾವಾಗ ಅಂತ ಮೊದಲೇ ಹೇಳಲ್ಲ, ಒಂದು ಮೆಟ್ಟಿಲನ್ನ ಬೇಕಂತಲೇ ಅಡ್ಡ ಹಾಕಿಟ್ಟಿರ್ತಾರೆ. ಶಿಬಿರ ಮಾಡೋ ಕಟ್ಟಡದಲ್ಲಿ ಕತ್ತಲಾದ ಮೇಲೆ ಹುಡುಗಿಯರು ಗುಂಪಾಗಿ ಟಾರ್ಚ್ ಹಿಡ್ಕೊಂಡು ಮಲಗೋ ಹಾಲಿಂದ ಟಾಯ್ಲೆಟ್‌ವರೆಗೂ ನಡೆದು, ಎಲ್ಲಿ ಭಯ ಆಯ್ತೋ ಅಲ್ಲಿ ಮ್ಯಾಪ್ ಮೇಲೆ ಕೆಂಪು ಚುಕ್ಕೆ ಹಾಕ್ತಾರೆ. ಮೊದಲ ಬಲ್ಬು ಆ ಚುಕ್ಕೆ ಇರೋ ಕಡೆಗೇ ಬರುತ್ತೆ.